ಮಾವ ಬಾರದ ಜಡೆ

ಗುರುವಾರ ಸಂಜೆ ಆ ಫೋನು ಬಂದಾಗ ನಾನು ನನ್ನ ಕೂದಲಿನ ಗೋದಾಮಿನಲ್ಲಿ ನಿಂತು ಒದರಾಡುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಬಂದವಳೊಬ್ಬಳು ಬುಡ ಯಾವುದು, ತುದಿ ಯಾವುದು ನೋಡದೆ ಕೂದಲನ್ನು ಅಡ್ಡಾದಿಡ್ಡಿ ಕಟ್ಟು ಕಟ್ಟಿದ್ದಳು. ಇಡೀ ದಿನದ ಕೆಲಸ ಹಾಳು. ನನಗೆ ಸಿಟ್ಟು ಬರಲು ಇಷ್ಟೆಲ್ಲ ಆಗಬೇಕೆಂದೂ ಇಲ್ಲ, ಅದು ಸದಾ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಫೋನು ಎತ್ತಿದವನು ಅದೇ ದನಿಯಲ್ಲಿ ಯಾರದು ಎಂದೆ.

“ಮಾವಾ, ನಾನ್ರಿ. ದಾನೇಶ್ವರಿ.”

ಯಾವ ದಾನೇಶ್ವರಿ ಎಂದು ಕೇಳಲು ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟೆ. ನನ್ನನ್ನು ಮಾವ ಎನ್ನುವ ದಾನೇಶ್ವರಿ ಈ ಭೂಮಿಯ ಮೇಲೆ ಒಬ್ಬಳೇ. ಯಲಬುರ್ಗಾದಲ್ಲಿರುವ ನನ್ನ ತಂಗಿ ಗುರುಲಿಂಗಮ್ಮನ ಮಗಳು. ಅವಳ ದನಿಯನ್ನು ನಾನು ಕೊನೆಯ ಸಲ ಕೇಳಿದಾಗ ಅವಳಿಗೆ ಮೂರು ವರ್ಷ. ಈಗ ಇಪ್ಪತ್ತು.

ಹುಡುಗಿ ಗಟ್ಟಿಗಿತ್ತಿ, ತಡವರಿಸಲಿಲ್ಲ. ಗಂಗಾವತಿಯ ಕಾಲೇಜಿನಲ್ಲಿ ಅವಳ ಜೊತೆ ಓದುವ ಶಹನಾಜಬೇಗಂ ಎಂಬ ಹುಡುಗಿಗೆ ರಕ್ತದ ಕ್ಯಾನ್ಸರ್ ಆಗಿದೆಯಂತೆ. ಹುಬ್ಬಳ್ಳಿಯಲ್ಲಿ ಔಷಧಿ ನಡೆದಿದೆ, ತಲೆಯಲ್ಲಿ ಒಂದು ಕೂದಲೂ ಉಳಿದಿಲ್ಲ. ಆ ಖರ್ಚಿಗೆ ಹಣ ಕೂಡಿಸಲು ಗೆಳತಿಯರು ಸೇರಿ ಒಂದು ದಾರಿ ಹುಡುಕಿದ್ದಾರೆ. ದಾನೇಶ್ವರಿ ಎಲ್ಲರ ಮುಂದೆ ತನ್ನ ಉದ್ದ ಜಡೆಯನ್ನು ಕತ್ತರಿಸಿಕೊಳ್ಳುವುದು, ಒಂದೊಂದು ಇಂಚಿಗೆ ಒಬ್ಬೊಬ್ಬರು ಹಣ ಕೊಡುವುದು. ಅಕ್ಕಿ ಗಿರಣಿಯವರು, ಕಿರಾಣಿಯವರು, ಮಾಸ್ತರರು ಎಲ್ಲ ಒಪ್ಪಿ ಹೆಸರು ಬರೆಸಿದ್ದಾರೆ. ಕೂದಲು ಮಾತ್ರ ಕ್ಯಾನ್ಸರ್ ಆದವರಿಗೆ ವಿಗ್ ಮಾಡಿಕೊಡುವವರಿಗೆ ಪುಕ್ಕಟೆ ಹೋಗುತ್ತದೆ.

“ಆದಿತ್ವಾರ ಹನ್ನೊಂದಕ್ಕ ಐತ್ರಿ ಮಾವಾ. ಮೊದಲನೇ ಕತ್ತರಿ ನೀವು ಹಾಕಬೇಕ್ರಿ. ನೀವು ಬಂದು ಹಾಕಿದ್ರ ತಗಸು, ಇಲ್ಲಂದ್ರ ಒಂದು ಎಳಿನೂ ಮುಟ್ಟಂಗಿಲ್ಲ ಅಂದಾಳ ಅವ್ವ.”

“ನಿಮ್ಮವ್ವ ನನ್ನ ಕರಿ ಅಂದ್ಲೇನು?” ಎಂದು ಕೇಳಿದೆ.

“ಇಲ್ರಿ. ಕರಿಯಾಕ ಯಾರೂ ಹೋಗಂಗಿಲ್ಲ, ಬರಾಂವ ಬರ್ತಾನ ಅಂದಾಳ. ನಾ ಆಕಿಗೆ ಹೇಳದ ಫೋನ್ ಮಾಡೀನ್ರಿ,” ಎಂದು ಇಟ್ಟುಬಿಟ್ಟಳು.

ಹದಿನೇಳು ವರ್ಷದ ಹಿಂದಿನ ಮಾತನ್ನು ಇಲ್ಲಿ ಹೇಳಲೇಬೇಕು. ಹೇಳಲು ನನಗೇನೂ ಖುಷಿಯಿಲ್ಲ.

ಮಗುವಿನ ಹುಟ್ಟುಗೂದಲು ತೆಗೆಸುವುದಕ್ಕೆ ನಮ್ಮಲ್ಲಿ ಜಾವಳ ಎನ್ನುತ್ತೇವೆ. ಮೊದಲ ಕತ್ತರಿ ಹಾಕಬೇಕಾದವನು ಸೋದರಮಾವ. ಅವನ ಕೈ ಬಿದ್ದ ಮೇಲೆಯೇ ಉಳಿದವರು ಆ ತಲೆಯನ್ನು ಮುಟ್ಟುವುದು. ದಾನೇಶ್ವರಿಯ ಜಾವಳವನ್ನು ಹುಲಿಗಿಯಲ್ಲಿ, ಒಂದು ಮಂಗಳವಾರ, ಹೊಳೆಯ ದಂಡೆಯ ಮೇಲೆ ಇಟ್ಟುಕೊಂಡಿದ್ದರು. ಸೋದರಮಾವನನ್ನು ಕರೆಯಬೇಕಾದರೆ ಅವನ ಮನೆಗೆ ಬರಬೇಕು, ಹಣೆಗೆ ಕುಂಕುಮ ಹಚ್ಚಬೇಕು, ಕೈಗೆ ಕಾಯಿ ಕೊಡಬೇಕು. ತಂಗಿಯ ಗಂಡ ಪ್ರಭುರಾಜ ಬರಲಿಲ್ಲ. ಫೋನು ಮಾಡಿ ಮಂಗಳವಾರ ಹುಲಿಗಿಗೆ ಬಂದುಬಿಡು ಎಂದ. ಬಂದುಬಿಡು ಅಂತೆ, ನಾನೇನು ಕೂಲಿಗೆ ಬರುವವನೇ? ಇದ್ದಬದ್ದ ಸೋದರಮಾವ ನಾನೊಬ್ಬನೇ. ನನಗೆ ಒಂದು ಕಾಯಿಯ ಮರ್ಯಾದೆಯೂ ಇಲ್ಲವೇ?

ಆವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗುವಿಗೆಂದು ತಂದ ಬೆಳ್ಳಿಯ ಉಡದಾರವನ್ನು ಕಿಸೆಯಲ್ಲಿಟ್ಟುಕೊಂಡು, ನನ್ನ ಮನೆಯ ಕಟ್ಟೆಯ ಮೇಲೆ ಕುಳಿತೆ. ಯಾರಾದರೂ ಬಂದು ಕರೆಯುತ್ತಾರೆ, ಕರೆದರೆ ಹೊರಟುಬಿಡುವುದು ಎಂದು. ಸಂಜೆಯ ತನಕ ಕುಳಿತಿದ್ದೆ. ಅಲ್ಲಿ ಅವರು ನನಗಾಗಿ ನಾಲ್ಕು ಗಂಟೆಯ ತನಕ ಕಾದರಂತೆ. ಕ್ಷೌರ ಮಾಡುವವನು ಎರಡು ಸಲ ಚಹಾ ಕುಡಿದು ಬಂದನಂತೆ. ನಮ್ಮ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಲ್ಲಿ ಒಬ್ಬರು ಕತ್ತರಿ ಹಾಕಲಿ ಎಂದು ಹಿರಿಯರು ಹೇಳಿದಾಗ ನನ್ನ ತಂಗಿ ಒಪ್ಪಲಿಲ್ಲ. ನನ್ನ ಅಣ್ಣ ಬಂದು ಕತ್ತರಿ ಹಾಕುವ ತನಕ ಇವಳ ತಲೆಯನ್ನು ಯಾರೂ ಮುಟ್ಟುವಂತಿಲ್ಲ ಎಂದು ಅಳುವ ಮಗುವನ್ನು ಎತ್ತಿಕೊಂಡು ಎದ್ದು ಹೊರಟಳಂತೆ.

ನಾನು ಸಿಟ್ಟಿನವನಾದರೆ ಅವಳು ಹಟದವಳು. ನಾನು ಹೋಗಲಿಲ್ಲ, ಅವಳು ಕರೆಯಲಿಲ್ಲ. ನಮ್ಮ ಅವ್ವ ತೀರಿಕೊಂಡಾಗ ಹೆಣದ ಆ ಮಗ್ಗುಲಿಗೆ ಅವಳು, ಈ ಮಗ್ಗುಲಿಗೆ ನಾನು. ಇಬ್ಬರೂ ಅತ್ತೆವು, ಒಬ್ಬರಿಗೊಬ್ಬರು ಒಂದು ಮಾತಾಡಲಿಲ್ಲ. ಹುಡುಗಿಯ ಕೂದಲು ಮಾತ್ರ ಬೆಳೆಯುತ್ತಲೇ ಹೋಯಿತು. ಬೀಗರು ಅದಕ್ಕೆ ಹೆಸರನ್ನೂ ಇಟ್ಟರು, ಮಾವ ಬಾರದ ಜಡೆ ಎಂದು. ಒಮ್ಮೆ ಕುಷ್ಟಗಿಯಲ್ಲಿ ಒಂದು ಮದುವೆಗೆ ಹೋದಾಗ ಊಟದ ಸಾಲಿನಲ್ಲಿ ನನ್ನ ಮುಂದೆ ಒಂದು ಜಡೆ ಸೊಂಟ ದಾಟಿ ಇಳಿದಿತ್ತು. ಮುಖ ನೋಡುವ ಧೈರ್ಯವಾಗದೆ ಉಣ್ಣದೆ ಎದ್ದು ಬಂದೆ.

ಆ ಕೂದಲು ನನಗೆ ಗುರುತಿಲ್ಲದ್ದೇನೂ ಅಲ್ಲ, ಅದೇ ನನ್ನ ಹಣೆಬರಹ. ಕೊಪ್ಪಳಕ್ಕೆ ಹತ್ತಿದ ನಮ್ಮ ಭಾಗ್ಯನಗರದಲ್ಲಿ ಮನೆಮನೆಗೂ ಕೂದಲಿನ ಕೆಲಸ. ಹೆಂಗಸರು ತಲೆ ಬಾಚುವಾಗ ಉದುರಿದ್ದನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರೆ. ಊರೂರು ತಿರುಗುವವರು ಸ್ಟೀಲಿನ ಪಾತ್ರೆ, ಪಿನ್ನು ಕೊಟ್ಟು ಅದನ್ನು ಕೊಂಡು ನಮ್ಮ ಗೋದಾಮಿಗೆ ತರುತ್ತಾರೆ. ನಾವು ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟು ಕಟ್ಟುತ್ತೇವೆ. ಯಲಬುರ್ಗಾ ಕಡೆಯದನ್ನು ತರುವವನು ಮರ್ದಾನಸಾಬ. ಮೊದಲು ಸೈಕಲ್ ಮೇಲೆ ಬರುತ್ತಿದ್ದ, ಈಗ ಟಿವಿಎಸ್ ಮೇಲೆ ಬರುತ್ತಾನೆ. ಎಲ್ಲರ ಕೂದಲನ್ನೂ ಚೀಲದಲ್ಲಿ ತುಂಬಿಕೊಂಡು ಬರುವ ಮನುಷ್ಯ ಎರಡು ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಕಾಗದದ ಪೊಟ್ಟಣವನ್ನು ಬೇರೆ ತೆಗೆದು ನನ್ನ ಕೈಗಿಡುತ್ತಾನೆ. ಇದು ನಿಮ್ಮ ತಂಗಿಯ ಮನೆಯದು, ಹುಡುಗಿಯದು ಎನ್ನುತ್ತಾನೆ, ಅಷ್ಟೇ. ತಂಗಿ ಎಲ್ಲರಂತೆ ಪಾತ್ರೆಗೆ ಮಾರಿರುತ್ತಾಳೆ, ಇವನು ನನ್ನ ಮೇಲಿನ ಮರುಕಕ್ಕೆ ಬೇರೆ ಕಟ್ಟಿ ತರುತ್ತಾನೆ ಎಂದೇ ನಾನು ತಿಳಿದಿದ್ದೆ.

ನಾನು ಅದನ್ನು ಮಾರಲಿಲ್ಲ. ಬಿಡಿಸಿ, ಹಣಿಗೆ ಹಾಯಿಸಿ, ಬುಡವೆಲ್ಲ ಒಂದು ಕಡೆ ಮಾಡಿ ಬಿಳಿ ದಾರ ಸುತ್ತಿ ಮೇಜಿನ ಡ್ರಾದಲ್ಲಿ ಇಟ್ಟೆ. ಒಂದೆರಡು ವರ್ಷದ್ದನ್ನು ಇಲಿ ಹಾಳು ಮಾಡಿತು, ಉಳಿದದ್ದು ಇದೆ. ಗೇಣುದ್ದ ಇದ್ದದ್ದು ಮೊಳವಾಯಿತು, ಮೊಳ ದಾಟಿತು. ಸೋದರಸೊಸೆ ಬೆಳೆದದ್ದನ್ನು ನಾನು ಇಂಚುಪಟ್ಟಿಯಲ್ಲಿ ಕಂಡವನು. ಅವಳು ಎಂಟನೆಯ ಇಯತ್ತೆಯಲ್ಲಿದ್ದಾಗ ಇರಬೇಕು, ಒಂದು ಸಲ ಹಿಡಿಹಿಡಿ ಕೂದಲು ಬಂತು, ಎಲ್ಲ ಒಣಕಲು. ಮಗುವಿಗೆ ಏನೋ ಆಗಿದೆ ಎಂದು ಎರಡು ರಾತ್ರಿ ನಿದ್ದೆಯಿಲ್ಲ. ಕೊನೆಗೆ ಮರ್ದಾನಸಾಬನೇ ತಾನಾಗಿ ಹೇಳಿದ, ಟೈಫಾಯ್ಡ್ ಆಗಿತ್ತಂತೆ, ಈಗ ಆರಾಮ ಇದ್ದಾಳೆ ಎಂದು. ಆವತ್ತು ಅವನಿಗೆ ಎರಡು ಚಹಾ ಕುಡಿಸಿದೆ.

ಇಂಥವನಿಗೆ ಆದಿತ್ವಾರ ಬಾ ಎಂದು ಹುಡುಗಿ ಫೋನು ಮಾಡಿದರೆ ಏನಾಗಬೇಕು ಹೇಳಿ. ಶುಕ್ರವಾರ, ಶನಿವಾರ ನಾನು ಮನುಷ್ಯನಾಗಿರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಗೋದಾಮಿನಲ್ಲಿ ಎಣಿಸಿದ ಕಟ್ಟುಗಳನ್ನೇ ಮತ್ತೆ ಎಣಿಸಿದೆ. ಮನೆಯ ಮುಂದೆ ಮೋಟರ್‌ಸೈಕಲ್ ಸದ್ದಾದರೆ ಸಾಕು, ಎದ್ದು ಬಾಗಿಲಿಗೆ ಹೋಗುವುದು. ಪ್ರಭುರಾಜ ಈ ಸಲವಾದರೂ ಕಾಯಿ ಹಿಡಿದುಕೊಂಡು ಬಂದಾನು ಎಂದು. ಬಂದವರು ಹಾಲಿನವನು, ಗ್ಯಾಸಿನವನು, ಪಕ್ಕದ ಮನೆಯ ನೆಂಟರು. ಮನೆಯಲ್ಲಿ ಹಾಲು ಹೆಚ್ಚಿಗೆ ಇರಲಿ, ಯಾರಾದರೂ ಬಂದರೆ ಚಹಾಕ್ಕೆ ಬೇಕಾಗುತ್ತದೆ ಎಂದು ಹೆಂಡತಿ ಶೇಖರಮ್ಮನಿಗೆ ಎರಡು ಸಲ ಹೇಳಿದೆ.

ಅವಳು ದಡ್ಡಿಯಲ್ಲ. ಶನಿವಾರ ಸಂಜೆ ಜೋಳ ಹಸನು ಮಾಡುತ್ತ, ತಲೆ ಎತ್ತದೆ ಅಂದಳು:

“ಆವತ್ತೂ ಹಿಂಗ ಬಾಗಿಲಾ ನೋಡ್ಕೋತ ಕುಂತಿದ್ರಿ. ಆವತ್ತಿನ ಅಂಗಿ ಇಸ್ತ್ರಿ ಮಾಡಿದಾಕಿ ನಾನ. ಈ ಸಲ ನಾ ಮಾಡಂಗಿಲ್ಲ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕರೆಯದೆ ಹೋಗುವುದು ನಾಯಿಯ ಜಾತಿ ಎಂದೆ. ಶೇಖರಮ್ಮ ಮೊರವನ್ನು ಕೆಳಗಿಟ್ಟಳು. ಫೋನು ಮಾಡಿ ಮಾವಾ ಬರ್ರಿ ಅಂದದ್ದು ಕರೆದದ್ದಲ್ಲವೇ, ಆ ಹುಡುಗಿಯ ಬಾಯಿ ಬಾಯಲ್ಲವೇ ಎಂದು ಕೇಳಿದಳು. ನಾನು ಇನ್ನೂ ಜೋರಾಗಿ ಒದರಿದೆ.

ಆದಿತ್ವಾರ ಎಂಟು ಗಂಟೆಗೆ ಮುದ್ದೆಯಾದ ಅಂಗಿಯನ್ನೇ ತೊಟ್ಟು ಗೋದಾಮಿಗೆ ಹೋಗಿ ಬರುತ್ತೇನೆ ಎಂದೆ. ಆದಿತ್ವಾರ ಗೋದಾಮಿಗೆ ರಜೆ ಎಂದು ಅವಳಿಗೆ ಗೊತ್ತಿಲ್ಲವೇ? ಹೂಂ ಅಂದಳು. ಬೀಗ ತೆಗೆದು ಡ್ರಾದೊಳಗಿನ ಕಟ್ಟುಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಸುತ್ತಿದೆ. ನನ್ನ ಉದ್ದನೆಯ ಕತ್ತರಿ, ಬಿಳಿ ದಾರದ ಉಂಡೆ ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಎಂದು ಕೇಳಿದರೆ ಸುಮ್ಮನೆ ಇರಲಿ ಎಂದು ಎನ್ನುತ್ತಿದ್ದೆನೇನೋ. ಯಾರೂ ಕೇಳಲಿಲ್ಲ. ಗಾಡಿಯ ಡಬ್ಬಿಯಲ್ಲಿ ತುರುಕಿ ಗಂಗಾವತಿಯ ದಾರಿ ಹಿಡಿದೆ.

ಗಿಣಿಗೇರಾ ತನಕ ಧೈರ್ಯ ಇತ್ತು. ಅಲ್ಲಿ ಚಹಾಕ್ಕೆ ನಿಂತದ್ದೇ ತಪ್ಪಾಯಿತು. ಕಪ್ಪು ಕೈಯಲ್ಲಿ ಹಿಡಿದು ನಿಂತಾಗ ಎಲ್ಲರ ಮುಖ ಕಣ್ಣಿಗೆ ಕಟ್ಟಿತು. ಅಷ್ಟು ಜನರ ಮುಂದೆ ಪ್ರಭುರಾಜ ನಿನ್ನನ್ನು ಯಾರು ಕರೆದರು ಎಂದು ಕೇಳಿದರೆ? ತಂಗಿ ನನ್ನನ್ನು ನೋಡಿ ಮುಖ ತಿರುಗಿಸಿದರೆ? ಗಾಡಿಯನ್ನು ಕೊಪ್ಪಳದ ಕಡೆ ತಿರುಗಿಸಿದೆ. ಎರಡು ಕಿಲೋಮೀಟರ್ ಹೋಗಿ ಮತ್ತೆ ಈ ಕಡೆ ತಿರುಗಿಸಿದೆ. ಚಹಾದ ಅಂಗಡಿಯವನು ಮತ್ತೆ ನನ್ನನ್ನು ನೋಡಿ ಏನಾದರೂ ಮರೆತಿರೇನು ಎಂದು ಕೇಳಿದ. ಅವನ ಮೇಲೂ ಸಿಟ್ಟು ಬಂತು. ಗಂಗಾವತಿಗೂ ಹೋಗಲಾಗದೆ, ಮನೆಗೂ ಹೋಗಲಾಗದೆ ಹುಲಿಗಿಯ ದಾರಿಗೆ ಇಳಿದೆ.

ಹತ್ತೂವರೆಗೆ ಹೊಳೆಯ ದಂಡೆಯಲ್ಲಿದ್ದೆ. ಹುಲಿಗೆಮ್ಮನ ಗುಡಿಗೆ ಎಷ್ಟೋ ಸಲ ಬಂದಿದ್ದೇನೆ, ಆದರೆ ಆ ಮಂಗಳವಾರದ ನಂತರ ಹೊಳೆಯ ಕಡೆ ಒಂದು ಸಲವೂ ಇಳಿದಿರಲಿಲ್ಲ. ಆದಿತ್ವಾರವಾದ್ದರಿಂದ ಜನ ಗಿಜಿಗಿಜಿ. ಕಿಸೆಯಲ್ಲಿ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ತೆಗೆದು ನೋಡಿದರೆ ದಾನೇಶ್ವರಿ. ಎತ್ತಲಿಲ್ಲ. ಹನ್ನೊಂದಾಯಿತು. ಹನ್ನೊಂದೂವರೆ ಆಯಿತು. ಫೋನು ಬರುವುದು ನಿಂತಿತು. ಬರುವಾಗ ಆದ ಸಂಕಟಕ್ಕಿಂತ ನಿಂತಾಗ ಆದದ್ದು ಹೆಚ್ಚು.

ನನ್ನ ಎದುರಿಗೇ ಒಂದು ಜಾವಳ ನಡೆದಿತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾಯಿ ದಾರಿ ನೋಡುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನೊಬ್ಬ ಮೈತುಂಬ ಸಿಮೆಂಟಿನ ಧೂಳು ಮಾಡಿಕೊಂಡು, ಕೆಲಸದ ಮೇಲಿಂದ ನೇರವಾಗಿ ಎದ್ದು ಬಂದವನಂತೆ ಓಡಿ ಬಂದ. ಕೈಕಾಲು ತೊಳೆದ, ಕತ್ತರಿ ತೆಗೆದುಕೊಂಡ, ಮಗು ಚೀರುತ್ತಿದ್ದಂತೆ ಎರಡು ಎಳೆ ಕತ್ತರಿಸಿ ನಕ್ಕ. ಆಯಿತು, ಅಷ್ಟೇ. ಅರ್ಧ ನಿಮಿಷದ ಕೆಲಸ. ಅವನು ಅಂಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕದ ಮೆಟ್ಟಿಲಿಗೆ ಬಂದು ಕುಳಿತ. ಸುಮ್ಮನಿರಲಾರದೆ ಕೇಳಿದೆ:

“ತಮ್ಮಾ, ನಿನ್ನ ಕರಿಯಾಕ ಯಾರು ಬಂದಿದ್ರು?”

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. “ಕರಿಯೂದೇನ್ರೀ ಯಜಮಾನ್ರ? ನಮ್ಮಕ್ಕನ ಕೂಸು ಅಲ್ಲೇನ್ರಿ?” ಎಂದ.

ಕಪಾಳಕ್ಕೆ ಹೊಡೆದಿದ್ದರೆ ವಾಸಿ ಇತ್ತು. ಆ ಹುಡುಗನಿಗೆ ಏನೂ ಅನ್ನಿಸಲಿಲ್ಲ, ಎದ್ದು ಊಟದ ಕಡೆ ಹೋದ. ನಾನು ಆ ಮೆಟ್ಟಿಲಿನ ಮೇಲೆ ಕೂತೇ ಇದ್ದೆ. ಕಲ್ಲು ಕಾದು ಕೆಂಡವಾಗಿತ್ತು. ಇದೇ ಕಲ್ಲಿನ ಮೇಲೆ ನಾಲ್ಕು ಗಂಟೆಯ ತನಕ ಮೂರು ವರ್ಷದ ಮಗುವಿನ ತೋಯ್ದ ತಲೆಗೆ ಸೆರಗು ಮುಚ್ಚಿಕೊಂಡು ಗುರುಲಿಂಗಮ್ಮ ಬಸ್ಸಿನಿಂದ ಇಳಿಯುವವರನ್ನೆಲ್ಲ ನೋಡುತ್ತ ಕುಳಿತಿದ್ದಳು. ಚಿಕ್ಕವಳಿದ್ದಾಗ ನನ್ನ ಬೆನ್ನಿನ ಮೇಲೆ ಸವಾರಿ ಮಾಡಿದವಳು. ನಾನು ಇಲ್ಲಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಇಸ್ತ್ರಿ ಅಂಗಿ ತೊಟ್ಟು, ಒಂದು ತೆಂಗಿನಕಾಯಿಗಾಗಿ ಕಟ್ಟೆಯ ಮೇಲೆ ಕೂತಿದ್ದೆ. ನಾಚಿಕೆಯಾಯಿತು. ಹದಿನೇಳು ವರ್ಷದಲ್ಲಿ ಮೊದಲ ಸಲ ನನಗೆ ಸಿಟ್ಟಿನ ಬದಲು ನಾಚಿಕೆಯಾಯಿತು. ಇವತ್ತೂ ಅಲ್ಲಿ ಅವಳು ಕಾಯುತ್ತಿದ್ದಾಳೆ, ಇವತ್ತೂ ನಾನು ಕೂತಿದ್ದೇನೆ. ಅದರ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ ಆ ಹುಡುಗಿ. ನನ್ನ ಮರ್ಯಾದೆಗೂ ಅವಳಿಗೂ ಏನು ಸಂಬಂಧ?

ಗಾಡಿ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಕಾಲುವೆ ಬಂತು, ಗದ್ದೆ ಬಂತು, ಭತ್ತದ ಲಾರಿಗಳು ಸಾಲುಗಟ್ಟಿ ಅಡ್ಡ ಬಂದವು. ಒಬ್ಬೊಬ್ಬ ಲಾರಿಯವನಿಗೂ ಅವನ ಅಪ್ಪ ಅಜ್ಜನ ತನಕ ಬೈದೆ. ಅಡ್ಡ ಬಂದದ್ದು ಅವರಲ್ಲ ಎಂದು ಗೊತ್ತಿದ್ದೂ ಬೈದೆ. ಮುಗಿದುಹೋಗಿರುತ್ತದೆ, ಎದ್ದು ಹೋಗಿರುತ್ತಾರೆ, ಈ ಸಲವೂ ತಪ್ಪಿದರೆ ಗುರುಲಿಂಗಿ ಮತ್ತೆ ಈ ಜನ್ಮದಲ್ಲಿ ನನಗಾಗಿ ಕಾಯುವುದಿಲ್ಲ. ಇದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಕಾಲೇಜು ಮುಟ್ಟಿದಾಗ ಒಂದು ಇಪ್ಪತ್ತು. ಶಾಮಿಯಾನ ಬಿಚ್ಚುತ್ತಿದ್ದರು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಜನ ಹೋಗಿಬಿಟ್ಟಿದ್ದರು. ಆದರೆ ಆ ಕಡೆ ಬೇವಿನ ಗಿಡದ ಕೆಳಗೆ ಹತ್ತಿಪ್ಪತ್ತು ಹುಡುಗಿಯರು ಗುಂಪಾಗಿ ನಿಂತಿದ್ದರು. ನಡುವೆ ಒಂದು ಕುರ್ಚಿ. ಕುರ್ಚಿಯ ಹಿಂದೆ ಬಿಟ್ಟ ಕೂದಲು ನೆಲಕ್ಕೆ ನಾಲ್ಕು ಬೆರಳು ಉಳಿಯುವ ಹಾಗೆ ಇಳಿದಿತ್ತು. ಮೂವತ್ತು ವರ್ಷ ಕೂದಲಿನಲ್ಲೇ ಬದುಕಿದವನು ನಾನು, ಅಂಥ ಕೂದಲು ಕಂಡಿಲ್ಲ. ಅದರ ಹಿಂದೆ ಕೈಯಲ್ಲಿ ಬಾಚಣಿಗೆ ಹಿಡಿದು ಕನ್ನಡಕದ ಮುದುಕಿಯೊಬ್ಬಳು ನಿಂತಿದ್ದಳು. ಹತ್ತಿರ ಹೋದ ಮೇಲೆ ಅದು ಮುದುಕಿಯಲ್ಲ, ನನ್ನ ತಂಗಿ ಎಂದು ಗೊತ್ತಾಯಿತು.

ಅಷ್ಟರಲ್ಲಿ ಕತ್ತರಿಸಲು ಕರೆಸಿದ್ದ ಬ್ಯೂಟಿ ಪಾರ್ಲರಿನ ಹೆಣ್ಣುಮಗಳು ಒಣಗಿಹೋಯಿತೆಂದು ಮತ್ತೆ ನೀರಿನ ಬಾಟಲಿ ಎತ್ತಿ ಆ ಕೂದಲಿಗೆ ಸಿಂಪಡಿಸಲು ಹೋದಳು. ನನ್ನ ಗೋದಾಮಿನ ದನಿ ನನ್ನನ್ನು ಕೇಳದೆ ಹೊರಗೆ ಬಿತ್ತು.

“ತಡಿಯವ್ವಾ. ತೋಯ್ದ ಕೂದಲಾ ಕಟ್ಟಿಟ್ರ ನಾಕು ದಿನಕ್ಕ ಬೂಷ್ಟು ಹಿಡಿತೈತಿ. ಒಣಾದ ಇರ್ಬೇಕು, ಮೊದಲ ಕಟ್ಬೇಕು, ಆಮ್ಯಾಲ ಕತ್ತರಿ.”

ಎಲ್ಲರೂ ತಿರುಗಿ ನೋಡಿದರು. ಪ್ರಭುರಾಜ ಕುರ್ಚಿ ಪೇರಿಸುವುದನ್ನು ಬಿಟ್ಟು ನಿಂತ. ದಾನೇಶ್ವರಿಯ 'ಮಾವಾ' ಅರ್ಧಕ್ಕೇ ನಿಂತಿತು. ಗುರುಲಿಂಗಮ್ಮ ಮಾತ್ರ ತಲೆ ಎತ್ತಲಿಲ್ಲ. ಬಾಚುತ್ತಲೇ ಅಂದಳು:

“ಹನ್ನೊಂದಕ್ಕ ತೊಪ್ಪನ ತೋಯ್ದಿತ್ತು. ನೀ ತಡಾ ಮಾಡಿದ್ದಕ್ಕ ಒಣಗೇತಿ. ಇದೊಂದ ಸಲ ನಿನ್ನ ತಡಾ ಉಪಯೋಗಕ್ಕ ಬಂತು ನೋಡು.”

ಹದಿನೇಳು ವರ್ಷದ ಮೇಲೆ ತಂಗಿ ನನಗೆ ಆಡಿದ ಮೊದಲ ಮಾತು ಇದು. ಬೈದಳೋ, ತಮಾಷೆ ಮಾಡಿದಳೋ ತಿಳಿಯಲಿಲ್ಲ. ಮಾತಾಡಿದಳಲ್ಲ, ಅಷ್ಟು ಸಾಕಾಗಿತ್ತು.

ಹುಡುಗಿಯರು ಫೋನು ಮಾಡಿದ್ದಕ್ಕೆ ಹೋಗಿದ್ದ ಜನರಲ್ಲಿ ಸುಮಾರು ಮಂದಿ ಮತ್ತೆ ಬಂದು ಕೂಡಿದರು. ನಾನು ಕೂದಲನ್ನು ಆರು ಪಾಲು ಮಾಡಿದೆ. ಕುತ್ತಿಗೆಯ ಹತ್ತಿರ ಬಿಗಿಯಾಗಿ ದಾರ ಸುತ್ತಿ, ಗೇಣಿಗೊಂದು ಗಂಟು ಹಾಕುತ್ತ ತುದಿಯ ತನಕ ಹೋದೆ. ಇಂಚುಪಟ್ಟಿ ಹಿಡಿದರೆ ಮೂವತ್ತೆಂಟು. ಒಬ್ಬ ಹುಡುಗಿ ಫೋನನ್ನು ಎತ್ತಿ ಹಿಡಿದಿದ್ದಳು. ಅದರೊಳಗೆ ಆಸ್ಪತ್ರೆಯ ಮಂಚದ ಮೇಲೆ ತಲೆಗೆ ಹಸಿರು ದುಪಟ್ಟಾ ಸುತ್ತಿಕೊಂಡ ಶಹನಾಜಬೇಗಂ ಇದ್ದಳು. ಅವಳೂ ಬೆಳಗಿನಿಂದ ನನ್ನ ದಾರಿ ಕಾದಿದ್ದಳೆಂದು ಆಗ ಗೊತ್ತಾಯಿತು.

ಕತ್ತರಿ ಕೈಯಲ್ಲಿ ಹಿಡಿದೆ. ಎಷ್ಟೋ ಕ್ವಿಂಟಲ್ ಕೂದಲಿನ ತುದಿ ಸವರಿದವನು, ಎಲ್ಲಿಂದ ಶುರು ಮಾಡಬೇಕೆಂದು ನೋಡುತ್ತ ನಿಂತೆ. ಗುರುಲಿಂಗಮ್ಮ ಒಂದು ಪಾಲನ್ನು ಎತ್ತಿ ನನ್ನ ಕತ್ತರಿಯ ಬಾಯಿಗೆ ಹಿಡಿದಳು. ಒಂದೇ ಸಲಕ್ಕೆ ಆಗಲಿಲ್ಲ, ಅಷ್ಟು ದಪ್ಪ. ಮೂರು ಸಲ ಒತ್ತಿದ ಮೇಲೆ ಕರಕ್ಕೆಂದು ಬಿಟ್ಟು ಬಂತು. ಆ ಸದ್ದು ಕೇಳಿದ್ದೇ ನನಗೆ ಅಳು ತಡೆಯಲಾಗಲಿಲ್ಲ. ಐವತ್ತೈದು ವರ್ಷದ ಗಂಡಸು, ಕಾಲೇಜು ಹುಡುಗಿಯರ ನಡುವೆ, ಹೆಣ್ಣುಮಕ್ಕಳ ಹಾಗೆ ಬಿಕ್ಕಿದೆ.

ಫೋನಿನೊಳಗಿನಿಂದ ಸಣ್ಣ ದನಿ ಬಂತು. “ಅಳಬ್ಯಾಡ್ರಿ ಮಾಮೂ. ಕೂದಲಾ ಮತ್ತ ಬರ್ತಾವ್ರಿ. ನಂದೂ ಬರ್ತಾವಂತ ಡಾಕ್ಟರ್ ಹೇಳ್ಯಾರ.”

ಉಳಿದ ಐದು ಪಾಲುಗಳನ್ನು ಪಾರ್ಲರಿನವಳು ಕತ್ತರಿಸಿದಳು. ಕಾಲೇಜಿನ ಪ್ರಿನ್ಸಿಪಾಲರು ಕೂಡಿದ ಹಣದ ಲೆಕ್ಕವನ್ನು ಮೈಕಿಲ್ಲದೆ ಒದರಿ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ದಾನೇಶ್ವರಿ ಭುಜದ ತನಕ ಉಳಿದ ಕೂದಲನ್ನು ಅತ್ತ ಇತ್ತ ಬೀಸುತ್ತ, ತಲೆ ಹಗುರಾಯಿತು ಎನ್ನುತ್ತ ಗೆಳತಿಯರ ಜೊತೆ ಓಡಾಡಿದಳು. ಪ್ರಭುರಾಜ ಎರಡು ಕುರ್ಚಿ ತಂದು ನೆರಳಿಗೆ ಹಾಕಿ, ನನ್ನ ಮುಖ ನೋಡಲಾಗದೆ ನೀರು ತರುತ್ತೇನೆ ಎಂದು ಹೋದ. ಅವನಿಗೂ ಈ ಹದಿನೇಳು ವರ್ಷ ಸುಖವಾಗಿ ಇದ್ದಿರಲಿಕ್ಕಿಲ್ಲ ಎಂದು ಆಗ ಅನ್ನಿಸಿತು.

ನಾನು ಗಾಡಿಯ ಡಬ್ಬಿಯಿಂದ ಬಟ್ಟೆಯ ಗಂಟು ತಂದು ತಂಗಿಯ ಮಡಿಲಿಗೆ ಇಟ್ಟೆ. ಬಿಚ್ಚಿದಳು. ಒಂದೊಂದು ಕಟ್ಟನ್ನೂ ಎತ್ತಿ ಬೆರಳಿನಿಂದ ಅಳೆದಳು. ಗೇಣುದ್ದದ್ದು, ಮೊಳದುದ್ದದ್ದು, ಜ್ವರದ ವರ್ಷದ್ದು. ಯಾರದು ಎಂದು ಕೇಳಲಿಲ್ಲ. ಮಾರಲಿಲ್ಲವೇ ಎಂದಷ್ಟೇ ಕೇಳಿದಳು. ಇಲ್ಲ ಎಂದೆ.

“ನಾನೂ ಮಾರಿಲ್ಲಣ್ಣ. ಮರ್ದಾನಸಾಬನ ಕಡೆ ಒಂದು ಲೋಟಾನೂ ಇಸಗೊಂಡಿಲ್ಲ. ಅಣ್ಣನ ಕೈಯಾಗ ಕೊಡು, ನಾ ಕೊಟ್ಟೀನಿ ಅನಬ್ಯಾಡ ಅಂತಿದ್ದೆ. ಕೂಸು ಹೆಂಗೈತಿ ಅನ್ನೂದು ನಿನಗ ಗೊತ್ತಿರ್ಲಿ ಅಂತ.”

ಪ್ರತಿ ಪೊಟ್ಟಣದಲ್ಲೂ ಅವಳು ನನ್ನನ್ನು ಕರೆಯುತ್ತಲೇ ಇದ್ದಳು. ನಾನು ಅದನ್ನು ಹಣಿಗೆಯಲ್ಲಿ ಬಾಚಿ, ದಾರ ಸುತ್ತಿ ಡ್ರಾದಲ್ಲಿ ಇಡುತ್ತಿದ್ದೆ. ಆ ಮರ್ದಾನಸಾಬ ಹದಿನೇಳು ವರ್ಷ ನನ್ನ ಚಹಾ ಕುಡಿದು ಒಂದು ಮಾತು ಬಾಯಿ ಬಿಡಲಿಲ್ಲ ನೋಡಿ.

ಗುರುಲಿಂಗಮ್ಮ ಗಂಟನ್ನು ಮತ್ತೆ ಕಟ್ಟಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಅಷ್ಟು ದೂರದಲ್ಲಿ ನಗುತ್ತಿದ್ದ ಮಗಳನ್ನೇ ನೋಡುತ್ತ ಅಂದಳು:

“ಅದು ತಲಿ ಮ್ಯಾಲ ಇರೂತನಕ ನೀ ಎಂದರ ಒಂದಿನ ಬರ್ಲೇಬೇಕು ಅಂತ ಒಂದು ಧೈರ್ಯ ಇತ್ತು. ಇನ್ನ ಎದಕ್ಕ ಬರ್ತಿ?”

ಅವಳು ಹಟ ಮಾಡಿ ಕೂದಲು ಬೆಳೆಸಿದ್ದು ನನ್ನನ್ನು ಚುಚ್ಚಲು ಎಂದು ನಾನು ತಿಳಿದಿದ್ದೆ. ಊರೆಲ್ಲ ಹಾಗೆಯೇ ತಿಳಿದಿತ್ತು.

“ಸುಮ್ಮನ ಬರ್ತೀನಿ,” ಎಂದೆ.

“ಯಾವಾಗ?”

“ಮಂಗಳವಾರ.”

“ಕರಿಯಾಕ ಯಾರೂ ಬರಂಗಿಲ್ಲ ಮತ್ತ.”

“ಬ್ಯಾಡ,” ಎಂದೆ.